ವಾಹನದ ವಿಮೆ: ಆ ಕಾಗದ ಯಾರನ್ನು ಕಾಯುತ್ತದೆ?

(ದುದ್ದದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದಿದ್ದ ಗ್ರಾಮಸ್ಥರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದೆ.)



ಕಬ್ಬಿನ ರೋಗದ ಮೇಲೋ ಭತ್ತದ ತಳಿಯ ಮೇಲೋ ಮಾತನಾಡು ಎಂದಿದ್ದರೆ ಹೇಳುವವನಿಗೂ ಹಿತವಾಗಿರುತ್ತಿತ್ತು, ಕೇಳುವವರಿಗೂ ನಿದ್ದೆ ಬರುತ್ತಿರಲಿಲ್ಲ. ವಿಮೆ ಎಂಬುದು ಒಣ ವಿಷಯ. ಆದರೂ ಇದನ್ನೇ ಹೇಳುತ್ತೇನೆಂದು ನಾನೇ ಕೇಳಿಕೊಂಡೆ. ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ: ನಾನು ಯಾವ ವಿಮಾ ಕಂಪನಿಯ ಏಜೆಂಟನೂ ಅಲ್ಲ, ಯಾವ ಪಾಲಿಸಿಯನ್ನೂ ಮಾರಲು ಬಂದಿಲ್ಲ. ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಲೆ ಊರಿನವರಿಗೆ ಅರ್ಜಿ ಬರೆದುಕೊಡುವುದು, ಕೋರ್ಟಿನಿಂದ ಬಂದ ಕಾಗದ ಓದಿ ಹೇಳುವುದು ನನ್ನ ಕೆಲಸವಾಗಿದೆ. ಹಾಗೆ ಓದಿ ಹೇಳಿದ ಕಾಗದಗಳಲ್ಲಿ ಕೆಲವನ್ನು ಓದುವಾಗ ನನ್ನ ನಾಲಿಗೆಯೇ ಏಳಲಿಲ್ಲ. ಅದಕ್ಕಾಗಿ ಈ ಮಾತು.

ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹುಲಿಕೆರೆ ಸುರಂಗದಿಂದ ನಾಲೆಯ ನೀರು ಈಚೆಗೆ ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದಾಗ ಕಬ್ಬು ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಎತ್ತಿನ ಗಾಡಿಗೆ ಮೋಟಾರು ಕಾನೂನಿಲ್ಲ, ವಿಮೆಯೂ ಬೇಕಿಲ್ಲ, ಇಂದಿಗೂ ಬೇಕಿಲ್ಲ. ಆದರೆ ಈಗ ಸಭೆಗೆ ಬಂದವರು ಆಲದ ಮರದ ಕೆಳಗೆ ನಿಲ್ಲಿಸಿರುವ ಬೈಕುಗಳನ್ನೇ ಎಣಿಸಿ ನೋಡಿ. ಟ್ರ್ಯಾಕ್ಟರು, ಟ್ರೈಲರು, ಗೂಡ್ಸ್ ಆಟೋ, ಕಾರು, ಎಲ್ಲವೂ ಹಳ್ಳಿಗೆ ಬಂದಿವೆ. ಗಾಡಿ ಬಂತು, ಗಾಡಿಯ ಜೊತೆಗೆ ಬರಬೇಕಾದ ತಿಳಿವಳಿಕೆ ಮಾತ್ರ ಹಿಂದೆಯೇ ಉಳಿಯಿತು.

ಇದೇನು ಹೊಸ ಕಾನೂನಲ್ಲ. 1939ರ ಮೋಟಾರು ವಾಹನಗಳ ಕಾಯಿದೆಯಲ್ಲೇ ಕಡ್ಡಾಯ ವಿಮೆಯ ಅಧ್ಯಾಯವಿತ್ತು. ಅದು 1946ರ ಜುಲೈ 1ರಿಂದ ಜಾರಿಗೆ ಬಂತು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಅದರ 146ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ವಿಮೆಯಿಲ್ಲದ ಮೋಟಾರು ವಾಹನವನ್ನು ಯಾರೂ ಓಡಿಸತಕ್ಕದ್ದಲ್ಲ, ಓಡಿಸಲು ಬಿಡತಕ್ಕದ್ದೂ ಅಲ್ಲ. "ಮೇಷ್ಟ್ರೇ, ನಮ್ಮ ಟ್ರ್ಯಾಕ್ಟ್ರು ಮೈಸೂರು ರೋಡಿಗೆ ಹೋಗಾಕಿಲ್ಲ, ಗದ್ದೆಯಿಂದ ಮನೆ, ಮನೆಯಿಂದ ಗದ್ದೆ, ಅದಕ್ಯಾಕೆ?" ಎಂದು ಕೇಳುವವರುಂಟು. ಗದ್ದೆಗೂ ಮನೆಗೂ ನಡುವೆ ಊರಿನ ಬೀದಿ ಇಲ್ಲವೆ? ಜನರು ಹೋಗಿಬರುವ ಹಕ್ಕುಳ್ಳ ಜಾಗವೆಲ್ಲ ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ಸ್ಥಳವೇ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ. ಎರಡನೆಯ ಸಲಕ್ಕೆ ದಂಡ 4,000 ರೂಪಾಯಿ.

ದಂಡದ ಮಾತು ಇಷ್ಟೇ ಸಾಕು. ದಂಡಕ್ಕೆ ಹೆದರಿ ವಿಮೆ ಕಟ್ಟುವವನು ಪೋಲೀಸಿನವರು ಕಾಣದ ದಾರಿ ಹುಡುಕುತ್ತಾನೆ. ನಾನು ಹೇಳಬೇಕಾಗಿರುವುದು ದಂಡಕ್ಕಿಂತ ದೊಡ್ಡದಾದ ಒಂದು ಲೆಕ್ಕ.

ನಮ್ಮ ಕಡೆಯ ಒಬ್ಬ ರೈತರು. ಹೆಸರು ಬೇಡ, ಊರೂ ಬೇಡ. ಎರಡು ಎಕರೆ ತರಿ ಜಮೀನು, ಒಂದು ಹಳೆಯ ಟ್ರ್ಯಾಕ್ಟರು. ಕಬ್ಬಿನ ಬಿಲ್ಲು ಬರಲಿ, ಒಟ್ಟಿಗೆ ಕಟ್ಟಿಬಿಡೋಣ ಎಂದು ವಿಮೆಯನ್ನು ಮುಂದಕ್ಕೆ ಹಾಕಿದರು. ಪಾಲಿಸಿ ಮುಗಿದು 19 ದಿನವಾಗಿತ್ತು. ಸಂಜೆ ಮಬ್ಬಿನಲ್ಲಿ ಸೈಕಲ್ಲಿನ ಮೇಲೆ ಬರುತ್ತಿದ್ದ ಒಬ್ಬ ಗಾರೆಕೆಲಸದವನಿಗೆ ಟ್ರ್ಯಾಕ್ಟರು ತಗಲಿತು. ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು. ಹಿಂದಿರುಗಿದರೆ ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ಆ ಮನೆಯವರು ಪರಿಹಾರ ಕೇಳಿದ್ದು ಅನ್ಯಾಯವೇ? ಅಲ್ಲ. ನ್ಯಾಯಮಂಡಳಿ ಕೊಡಿಸಿದ್ದು ತಪ್ಪೇ? ಅಲ್ಲ. ಆದರೆ ಕೊಡಬೇಕಾದವನು ಯಾರು? ವಿಮೆ ಇದ್ದಿದ್ದರೆ ಕಂಪನಿ. ಇಲ್ಲದ್ದರಿಂದ ಆ ರೈತರು.

ಇಂಥ ಪರಿಹಾರವನ್ನು ಹೇಗೆ ಲೆಕ್ಕ ಹಾಕುತ್ತಾರೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಐವತ್ತು ಸಾವಿರವೋ ಲಕ್ಷವೋ ಕೊಟ್ಟು ಪಂಚಾಯಿತಿ ಮಾಡಿ ಮುಗಿಸಬಹುದು ಎಂದುಕೊಂಡಿರುತ್ತಾರೆ. ಹಲಗೆಯ ಮೇಲೆ ಲೆಕ್ಕ ಬರೆಯುವುದು ನನಗೆ ಅಭ್ಯಾಸ, ಬಾಯಲ್ಲೇ ಹೇಳುತ್ತೇನೆ, ಕೇಳಿ. ಸತ್ತವನ ವಯಸ್ಸು 35, ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ನಲವತ್ತರೊಳಗಿನ ಸ್ವಂತ ದುಡಿಮೆಗಾರನಾದರೆ ಮುಂದೆ ಸಂಪಾದನೆ ಹೆಚ್ಚುತ್ತಿತ್ತೆಂದು ನೂರಕ್ಕೆ 40ರಷ್ಟು ಸೇರಿಸಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಲ್ಲಿಗೆ ತಿಂಗಳಿಗೆ 21,000, ವರ್ಷಕ್ಕೆ 2,52,000. ಅವನನ್ನು ನಂಬಿದವರು ನಾಲ್ಕು ಜನ. ಆದುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯುತ್ತಾರೆ. ಉಳಿದದ್ದು 1,89,000. ಮೂವತ್ತೈದು ವಯಸ್ಸಿನವನಿಗೆ ಇದನ್ನು 16ರಿಂದ ಗುಣಿಸಬೇಕು. ವಯಸ್ಸಿಗೆ ಇಂತಿಷ್ಟೆಂಬ ಈ ಗುಣಕ 2009ರ ಇನ್ನೊಂದು ತೀರ್ಪಿನಿಂದ ಬಂದದ್ದು. ಎಷ್ಟಾಯಿತು? 30,24,000 ರೂಪಾಯಿ. ಅದರ ಮೇಲೆ ಉತ್ತರಕ್ರಿಯೆಯ ಖರ್ಚು, ಹೆಂಡತಿ ಮಕ್ಕಳ ನಷ್ಟ ಮೊದಲಾದ ಬಾಬುಗಳು, ಅರ್ಜಿ ಹಾಕಿದ ದಿನದಿಂದ ಬಡ್ಡಿ.

ಮೂವತ್ತು ಲಕ್ಷ! ಇದು ಶ್ರೀಮಂತನ ಸಾವಿನ ಲೆಕ್ಕವಲ್ಲ, ಕೂಲಿ ಮಾಡುವವನ ಸಾವಿನ ಲೆಕ್ಕ. ಮಾಲೀಕ ಕೊಡದಿದ್ದರೆ 174ನೆಯ ಕಲಮಿನಂತೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಭೂಕಂದಾಯದ ಬಾಕಿ ಎಂದರೆ ಏನೆಂದು ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ರೈತರ ಮನೆಗೆ ಬಂದ ನೋಟೀಸನ್ನು ಓದಿ ಹೇಳಿದವನು ನಾನೇ. ಅವರ ಹೆಂಡತಿ ಕೇಳಿದ ಪ್ರಶ್ನೆ ಒಂದೇ: "ಹಂಗಾರೆ ಗದ್ದೆ ಹೋಯ್ತದಾ ಮೇಷ್ಟ್ರೇ?" ಗದ್ದೆಯಲ್ಲಿ ಅರ್ಧ ಹೋಯಿತು. ಆ ಗಾರೆಕೆಲಸದವನ ಮನೆಗೂ ಪೂರ್ತಿ ಹಣ ಮುಟ್ಟಲಿಲ್ಲ. ಅರ್ಧ ಗದ್ದೆಗೆ ಅಷ್ಟು ಬೆಲೆ ಎಲ್ಲಿದೆ? ಹತ್ತೊಂಬತ್ತು ದಿನದಲ್ಲಿ ಎರಡು ಸಂಸಾರ ಕೆಟ್ಟವು.

ಈಗ ಕಂತಿನ ಮಾತು. ಕಡ್ಡಾಯ ವಿಮೆಯ ದರವನ್ನು ಕಂಪನಿಗಳು ತಮ್ಮಿಷ್ಟದಂತೆ ಇಡುವಂತಿಲ್ಲ, ಕೇಂದ್ರ ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿವರೆಗಿನ ಸ್ವಂತ ಕಾರಿಗೆ 2,094, ಅದಕ್ಕೆ ಮೇಲ್ಪಟ್ಟು 1500 ಸಿಸಿವರೆಗೆ 3,416; ತೆರಿಗೆ ಬೇರೆ. ದರ ಆಗಾಗ ಬದಲಾಗುವುದುಂಟು, ಕಟ್ಟುವ ದಿನ ವಿಚಾರಿಸಿಕೊಳ್ಳಿ. ಎಲ್ಲ ಕಂಪನಿಗಳಲ್ಲೂ ಇದು ಒಂದೇ ಆದ್ದರಿಂದ ಈ ಭಾಗಕ್ಕೆ ಅಂಗಡಿ ಅಂಗಡಿ ಅಲೆದು ಚೌಕಾಸಿ ಮಾಡುವುದು ವ್ಯರ್ಥ. "ಅರ್ಧ ದುಡ್ಡಿಗೆ ಇನ್ಸೂರೆನ್ಸ್ ಮಾಡಿಸಿಕೊಡ್ತೀನಿ" ಎಂದು ಯಾರಾದರೂ ಬಂದರೆ ಅಲ್ಲೇ ಅನುಮಾನಪಡಿ. ಸುಳ್ಳು ಪಾಲಿಸಿ ಅಚ್ಚುಹಾಕಿ ಮಾರುವವರಿದ್ದಾರೆ. ನಿಮ್ಮ ಮಗನ ಕೈಲಿರುವ ಮೊಬೈಲಿನಲ್ಲಿ ಎಂ-ಪರಿವಾಹನ್ ತೆಗೆಸಿ ಗಾಡಿಯ ನಂಬರು ಹೊಡೆಸಿದರೆ ವಿಮೆ ಎಂದಿನವರೆಗೆ ಇದೆಯೆಂದು ತೋರಿಸುತ್ತದೆ. ಹೊಸ ಬೈಕು ಕೊಂಡವರಿಗೆ 2018ರ ಸೆಪ್ಟೆಂಬರಿನಿಂದ ಐದು ವರ್ಷದ, ಹೊಸ ಕಾರು ಕೊಂಡವರಿಗೆ ಮೂರು ವರ್ಷದ ಕಡ್ಡಾಯ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಆ ಐದು ವರ್ಷ ಕಳೆದದ್ದೇ ಗೊತ್ತಾಗದೆ ಆರನೆಯ ವರ್ಷ ಬರಿಗೈಯಲ್ಲಿ ಓಡಿಸುತ್ತಿರುವವರು ಈ ಸಭೆಯಲ್ಲೂ ಇರಬಹುದು.

ವಿಮೆ ಕಟ್ಟಿದೆ, ಇನ್ನು ಭಯವಿಲ್ಲ ಎಂದುಕೊಂಡವರೂ ಸ್ವಲ್ಪ ಕಿವಿಗೊಡಬೇಕು. ಆ ಕಾಗದದ ಹೆಸರು ಏನು? ಥರ್ಡ್ ಪಾರ್ಟಿ, ಮೂರನೆಯವರ ವಿಮೆ. ಒಂದನೆಯವರು ನೀವು, ಎರಡನೆಯವರು ಕಂಪನಿ, ಮೂರನೆಯವರು ದಾರಿಯಲ್ಲಿ ಹೋಗುವ ಬೇರೆಯವರು. ಆ ಕಾಗದ ಕಾಯುವುದು ಆ ಮೂರನೆಯವರನ್ನು. ಅವರಿಗೆ ಕೊಡಬೇಕಾದ ಹಣದಿಂದ ನಿಮ್ಮ ಗದ್ದೆಯನ್ನು. ಸಾವು, ಗಾಯಗಳಿಗಾದರೆ ನ್ಯಾಯಮಂಡಳಿ ವಿಧಿಸಿದಷ್ಟು ಕಂಪನಿ ಕೊಡುತ್ತದೆ. ಬೇರೆಯವರ ಆಸ್ತಿಗಾದ ನಷ್ಟಕ್ಕೆ ಸಾಮಾನ್ಯವಾಗಿ 7,50,000 ರೂಪಾಯಿಯ ಮಿತಿ ಇರುತ್ತದೆ. ನಿಮ್ಮ ಟ್ರ್ಯಾಕ್ಟರು ಮಗುಚಿ ಮುರಿದರೆ, ಬೈಕು ಕಳುವಾದರೆ ಆ ಕಾಗದ ಒಂದು ಬಿಡಿಗಾಸನ್ನೂ ಕೊಡುವುದಿಲ್ಲ. ಅದಿರಲಿ, ಕಬ್ಬಿಣ ಹೋದರೆ ಇನ್ನೊಂದು ಕೊಳ್ಳಬಹುದು. ಆ ಕಾಗದದ ಹೊರಗೆ ನಿಂತಿರುವ ಜನ ಯಾರು ಯಾರು ಎಂಬುದನ್ನು ನೋಡಿ.

ಮೊದಲನೆಯವಳು ಬೈಕಿನ ಹಿಂದೆ ಕೂತ ನಿಮ್ಮ ಹೆಂಡತಿ. ಬರಿಯ ಕಡ್ಡಾಯ ವಿಮೆಯಿದ್ದು, ನೀವೇ ಹಂಪು ನೋಡದೆ ಹಾರಿಸಿ ಆಕೆ ಹಿಂದಿನಿಂದ ಬಿದ್ದರೆ, ಕಂಪನಿ ಕೊಡಬೇಕಾಗಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಹಾಗೆಂದಿದೆ. ಸ್ವಂತ ಕಾರಿನೊಳಗೆ ಕೂತವರ ಕತೆಯೂ ಇಷ್ಟೇ. ಇನ್ನೊಂದು ವಾಹನದ ತಪ್ಪಿನಿಂದ ಬಿದ್ದರೆ ಆ ವಾಹನದ ವಿಮೆಯಿಂದ ಕೇಳಬಹುದು. ಆ ಮಾತು ಬೇರೆ. ಪೂರ್ಣ ವಿಮೆ, ಅಂದರೆ ಪ್ಯಾಕೇಜ್ ಪಾಲಿಸಿ ಮಾಡಿಸಿದ್ದರೆ ಹಿಂದೆ ಕೂತವರೂ ಒಳಗೆ ಕೂತವರೂ ಅದರಲ್ಲಿ ಸೇರುತ್ತಾರೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿಯೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿದೆ. ತಾಯಂದಿರು ಇಷ್ಟೊಂದು ಮಂದಿ ಬಂದಿದ್ದೀರಿ, ಸಂತೋಷ. ಮನೆಗೆ ಹೋದ ಮೇಲೆ ಯಜಮಾನರನ್ನು ಈ ಒಂದು ಪ್ರಶ್ನೆ ಕೇಳಿ: ನಾನು ಆ ಕಾಗದದಲ್ಲಿ ಇದ್ದೀನೋ ಇಲ್ಲವೋ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ನಾಲೆಯ ಏರಿಯ ಮೇಲೆಯೇ ನಮ್ಮ ದಾರಿಗಳು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಜೀವ ಕಳೆದುಕೊಂಡದ್ದು ಯಾರಿಗೂ ಮರೆತಿಲ್ಲ. ಬಸ್ಸಿನಲ್ಲಿ ಟಿಕೆಟು ಕೊಟ್ಟು ಕೂತವರು ಕಾನೂನಿನ ಪ್ರಕಾರವೇ ಬಸ್ಸಿನ ಕಡ್ಡಾಯ ವಿಮೆಯೊಳಗೆ ಬರುತ್ತಾರೆ. ಅದೇ ನಾಲೆಗೆ ನಿಮ್ಮದೇ ಕಾರು, ನಿಮ್ಮದೇ ಕೈಯಿಂದ, ಬೇರೆ ಯಾವ ವಾಹನದ ಸೋಂಕೂ ಇಲ್ಲದೆ ಬಿದ್ದರೆ, ಬರಿಯ ಥರ್ಡ್ ಪಾರ್ಟಿ ಕಾಗದ ನೀರಿನಲ್ಲಿ ನೆನೆದ ಕಾಗದವೇ.

ಎರಡನೆಯವರು ಟ್ರೈಲರಿನ ಮೇಲೆ ಕೂತ ಆಳುಗಳು. ಇದೇ ನಮ್ಮ ಹೋಬಳಿಗೆ ಅತ್ಯಂತ ಮುಖ್ಯವಾದ ಮಾತು. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು, ಚಾಲಕನದು. ಮಡ್‌ಗಾರ್ಡಿನ ಮೇಲೆ ಕೂತವನಿಗೆ ಸೀಟೂ ಇಲ್ಲ, ವಿಮೆಯೂ ಇಲ್ಲ. ಟ್ರೈಲರು ಸಾಮಾನು ಸಾಗಿಸಲು, ಜನ ಸಾಗಿಸಲು ಅಲ್ಲ. ಕಬ್ಬು ಕಡಿಯಲು ದೂರದ ಜಿಲ್ಲೆಗಳಿಂದ ಬಂದ ಆಳುಗಳನ್ನು ಬೆಳಗ್ಗೆ ಗದ್ದೆಗೆ ಒಯ್ಯುವುದು ಅದರಲ್ಲೇ. ಮದುವೆಯ ದಿಬ್ಬಣ, ಜಾತ್ರೆ, ಹರಕೆ, ಎಲ್ಲಕ್ಕೂ ಅದೇ. ಇಂಥವರಲ್ಲಿ ಯಾರಾದರೂ ಬಿದ್ದು ಸತ್ತರೆ ಕಂಪನಿಯ ವಕೀಲರು ಮೊದಲು ಎತ್ತುವ ಮಾತು, ಇವರು ಕೂರಬಾರದ ಕಡೆ ಕೂತಿದ್ದರು ಎಂಬುದೇ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿಯವನೊಬ್ಬನ ಮೊಕದ್ದಮೆ 2007ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಂಪನಿಗೆ ಹೊಣೆಯಿಲ್ಲವೆಂದೇ ತೀರ್ಮಾನವಾಯಿತು. ಬಡವನ ಕಷ್ಟ ನೋಡಿ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟು ವಿಶೇಷಾಧಿಕಾರ ಬಳಸಿ ಆಜ್ಞೆ ಮಾಡಿತು. ಅಂದರೆ ಕೊನೆಗೆ ಹಣ ಬಂದದ್ದು ಯಾರ ಮೇಲೆ? ಮಾಲೀಕನ ಮೇಲೆ.

ಇನ್ನೂ ಒಂದು ತೊಡಕಿದೆ. ಟ್ರೈಲರಿಗೆ ಬೇರೆ ನಂಬರು, ಬೇರೆ ಆರ್‌ಸಿ. ಅದಕ್ಕೆ ವಿಮೆಯ ಕಂತನ್ನೂ ಬೇರೆ ಕಟ್ಟಬೇಕು. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟ್ರೈಲರಿನ ನಂಬರು ಬರೆದಿದೆಯೇ ಎಂದು ಎಷ್ಟು ಜನ ನೋಡಿದ್ದೀರಿ? ನಾನು ಓದಿದ ಪಾಲಿಸಿಗಳಲ್ಲಿ ಎಷ್ಟೋ ಕಡೆ ಇಂಜಿನ್ ಮಾತ್ರ ಇತ್ತು, ಹಿಂದೆ ಎರಡು ಟ್ರೈಲರು ಎಳೆಯುತ್ತಿದ್ದರು. ಸಂಬಳದ ಚಾಲಕನನ್ನೂ ಕೆಲಸಗಾರರನ್ನೂ ಸ್ವಲ್ಪ ಹೆಚ್ಚಿನ ಕಂತು ಕೊಟ್ಟು ಪಾಲಿಸಿಯಲ್ಲಿ ಸೇರಿಸಲು ಅವಕಾಶವುಂಟು. ಏಜೆಂಟರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಹಾಗೆಂದು ಟ್ರೈಲರಿನ ತುಂಬ ಜನ ತುಂಬುವುದು ಸರಿಹೋಯಿತೆಂದು ತಿಳಿಯಬೇಡಿ. ಅದನ್ನು ಸರಿಮಾಡುವ ಕಂತು ಯಾವ ಕಂಪನಿಯಲ್ಲೂ ಇಲ್ಲ. ಆಳುಗಳನ್ನು ಬಾಡಿಗೆಯ ಪ್ಯಾಸೆಂಜರ್ ಆಟೋದಲ್ಲಿ ಕಳಿಸಿದರೆ ಖರ್ಚು ಹೆಚ್ಚಾಗುತ್ತದೆ ನಿಜ. ಆ ಖರ್ಚನ್ನು ಮೇಲೆ ಹೇಳಿದ 30 ಲಕ್ಷದ ಪಕ್ಕದಲ್ಲಿಟ್ಟು ನೋಡಿ.

ಹಾಗೆಯೇ ಪಾಲಿಸಿಯಲ್ಲಿ ಉಪಯೋಗ ಎಂಬ ಒಂದು ಸಾಲು ಇರುತ್ತದೆ. ವ್ಯವಸಾಯಕ್ಕೆಂದು ಬರೆಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಜಲ್ಲಿ ಹೊಡೆಯುತ್ತಿದ್ದರೆ ಆ ಸಾಲು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಬಾಡಿಗೆಯೇ ಜೀವನವಾದರೆ ಹಾಗೆಂದೇ ನೋಂದಾಯಿಸಿ, ಹಾಗೆಂದೇ ವಿಮೆ ಮಾಡಿಸಿ.

ಮೂರನೆಯವನು, ನೀವು ನಂಬುವುದಿಲ್ಲ, ನಿಮ್ಮ ಮಗ. ಗಾಡಿ ತಂದೆಯ ಹೆಸರಿನಲ್ಲಿ, ಓಡಿಸುವವನು ಮಗ. ನಮ್ಮಲ್ಲಿ ಇದೇ ಪದ್ಧತಿ. ಸ್ವಂತ ತಪ್ಪಿನಿಂದ ಮಗ ಬಿದ್ದರೆ ಅವನು ಮೂರನೆಯವನಲ್ಲ. ಕೈಬದಲು ತಂದ ಗಾಡಿಯವನಿಗೂ ಹೀಗೆಯೇ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಿದೆ. ಇಳಕಲ್ಲಿನಿಂದ ತನ್ನೂರಿಗೆ ಬೇರೊಬ್ಬರ ಬೈಕು ತೆಗೆದುಕೊಂಡು ಹೋಗುತ್ತಿದ್ದವನು, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತದ್ದರಿಂದ ಅದಕ್ಕೆ ಬಡಿದು ತೀರಿಕೊಂಡ. ಬೈಕಿನ ವಿಮೆಯಿಂದ ಪರಿಹಾರ ಕೊಡಿಸಿರೆಂದು ಮನೆಯವರು ಕೇಳಿದರು. ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಮಾಲೀಕನೇ ತನ್ನ ವಿಮೆಯಿಂದ ಮೂರನೆಯವನಂತೆ ಪರಿಹಾರ ಕೇಳಲಾಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೇರೆ ಕಲಮಿನಲ್ಲಿ ಏನಾದರೂ ಸಿಗುವುದೇ ನೋಡಲೆಂದು ಹೈಕೋರ್ಟಿಗೆ ಹಿಂದಿರುಗಿಸಿತು.

ಮಾಲೀಕನಿಗೆಂದೇ ಒಂದು ಅಪಘಾತ ವಿಮೆಯುಂಟು. ಥರ್ಡ್ ಪಾರ್ಟಿಯ ಜೊತೆ ಅದನ್ನೂ ಕಟ್ಟಿಸಿಕೊಳ್ಳುತ್ತಾರೆ. 2018ರಿಂದ ಅದರ ಮೊತ್ತ 15 ಲಕ್ಷ. ಆದರೆ ಅದು ಸಿಗುವುದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸೂ ಇದ್ದು, ತಾನೇ ಓಡಿಸುತ್ತಿದ್ದ ಮಾಲೀಕನಿಗೆ. ಲೈಸೆನ್ಸಿಲ್ಲದ ತಾಯಿಯ ಹೆಸರಿಗೆ ಗಾಡಿ ಮಾಡಿಸಿ ಮಗ ಓಡಿಸಿದರೆ ಅದು ತಾಯಿಗೂ ಇಲ್ಲ, ಮಗನಿಗೂ ಇಲ್ಲ. ದಿನವೂ ಓಡಿಸುವವನು ಯಾರೋ ಅವನ ಹೆಸರಿಗೇ ಗಾಡಿ ಇರುವುದು ಲೇಸು. ಆಗದಿದ್ದರೆ ಅವನ ಹೆಸರಿನಲ್ಲಿ ಬೇರೆ ಅಪಘಾತ ವಿಮೆಯಾದರೂ ಇರಲಿ. ಹದಿನೆಂಟು ತುಂಬದ ಮಗನಿಗೆ ಬೀಗದ ಕೈ ಕೊಡುವ ತಂದೆಗೆ ಈಗ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು.

ಲೈಸೆನ್ಸಿನ ಬಗ್ಗೆ ಈಗ ತಾನೆ ಹಿಂದಿನ ಸಾಲಿನಿಂದ ಒಬ್ಬ ತರುಣರು ಕೇಳಿದರು: ಟ್ರ್ಯಾಕ್ಟರಿನ ಲೈಸೆನ್ಸಿದ್ದವನು ಟ್ರೈಲರು ಕಟ್ಟಿ ಓಡಿಸಬಹುದೇ ಎಂದು. ಓಡಿಸಬಹುದು. ಟ್ರೈಲರು ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸು ಕೆಡುವುದಿಲ್ಲವೆಂದು 2001ರಲ್ಲೇ ತೀರ್ಪಾಗಿದೆ. 7,500 ಕಿಲೋ ತೂಕದವರೆಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನವರೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಐದು ನ್ಯಾಯಾಧೀಶರ ಪೀಠವೂ ಹೇಳಿದೆ. ಗೂಡ್ಸ್ ಆಟೋದವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಯಾವ ಲೈಸೆನ್ಸೂ ಇಲ್ಲದವನ ಕೈಗೆ ಸ್ಟೇರಿಂಗು ಕೊಟ್ಟರೆ, ಕಂಪನಿ ಸತ್ತವರಿಗೆ ಕೊಟ್ಟು ನಿಮ್ಮಿಂದ ಹಿಂದಕ್ಕೆ ಕಕ್ಕಿಸುತ್ತದೆ.

ಹಾಗಾದರೆ ಯಾರಿಗೆ ಯಾವುದು ಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ನಿಮ್ಮ ಕೈ ನೋಡಿಕೊಂಡು ಮಾಡಿ. ಒಬ್ಬರೇ ಓಡಾಡುವ ಹಳೆಯ ಬೈಕಿಗೆ ಥರ್ಡ್ ಪಾರ್ಟಿ, ಮಾಲೀಕನ ಅಪಘಾತ ವಿಮೆ, ಇಷ್ಟಿದ್ದರೆ ನಡೆಯುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ, ನೆಂಟರ ಮನೆಗೆ ಹೋಗುವ ಬೈಕಿಗೂ ಕಾರಿಗೂ ಪ್ಯಾಕೇಜೇ ಇರಲಿ. ಸಾಲದಲ್ಲಿರುವ ಟ್ರ್ಯಾಕ್ಟರಿಗೆ ಬ್ಯಾಂಕಿನವರೇ ಅದನ್ನು ಕೇಳುತ್ತಾರೆ. ಸಾಲ ತೀರಿದ ಮರುವರ್ಷವೇ ಬಿಡುವವರಿದ್ದಾರೆ. ಐದಾರು ಲಕ್ಷದ ವಸ್ತು ಕಳೆದುಕೊಂಡರೆ ಇನ್ನೊಂದು ಸಾಲ ಎತ್ತಬೇಕಾದವರು ಬಿಡಬಾರದು. ಹದಿನೈದು ವರ್ಷದ ಟ್ರ್ಯಾಕ್ಟರಿಗೆ ಪ್ಯಾಕೇಜಿನ ಕಂತು ದಂಡವೆನಿಸಿದರೆ ಅಡ್ಡಿಯಿಲ್ಲ, ಆದರೆ ಥರ್ಡ್ ಪಾರ್ಟಿ ಟ್ರೈಲರು ಸಮೇತ ಇರಲೇಬೇಕು.

ಪ್ಯಾಕೇಜ್ ಮಾಡಿಸುವಾಗ ವಾಹನದ ಬೆಲೆ ಎಷ್ಟೆಂದು ಬರೆದಿದ್ದಾರೆ, ನೋಡಿ. ಕಳುವಾದರೆ ನಿಮಗೆ ಸಿಗುವುದು ಅಷ್ಟೇ. ಎರಡು ವರ್ಷ ದಾಟಿ ಮೂರರೊಳಗಿನ ಗಾಡಿಗೆ ನೂರಕ್ಕೆ 30, ನಾಲ್ಕು ದಾಟಿ ಐದರೊಳಗಿನದಕ್ಕೆ ನೂರಕ್ಕೆ 50 ಸವಕಳಿ ಕಳೆಯುತ್ತಾರೆ. ಕಂತು ಕಡಿಮೆ ಮಾಡಿಕೊಡುತ್ತೇನೆಂದು ಬೆಲೆಯನ್ನೇ ತಗ್ಗಿಸಿ ಬರೆಯುವುದು ಏಜೆಂಟರ ಹಳೆಯ ಚಾಲಾಕಿ. ರಿಪೇರಿಯ ಕ್ಲೇಮಿನಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ಮಾತ್ರ. ವರ್ಷವಿಡೀ ಕ್ಲೇಮು ಮಾಡದವರಿಗೆ ಈ ಭಾಗದ ಕಂತಿನಲ್ಲಿ ಮೊದಲು ನೂರಕ್ಕೆ 20, ಏರುತ್ತ ಏರುತ್ತ 50ರವರೆಗೆ ರಿಯಾಯಿತಿ ಇದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಹೋಯಿತು. ಕಂಪನಿ ಕಂಪನಿಗೆ ಕಂತು ವ್ಯತ್ಯಾಸವಾಗುವುದೂ ಈ ಭಾಗದಲ್ಲೇ. ಇಲ್ಲಿ ಬೇಕಾದರೆ ನಾಲ್ಕು ಕಡೆ ವಿಚಾರಿಸಿ ಚೌಕಾಸಿ ಮಾಡಿ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಬರಿಯ ಉಪದೇಶವಾದೀತು. ನಾನು ಹಳೆಯ ಸ್ಕೂಟರೊಂದನ್ನು ಪರಿಚಯದವರಿಗೆ ಮಾರಿದೆ. ಬಿಳಿ ಹಾಳೆಯ ಮೇಲೆ ಸಹಿ ಮಾಡಿ ದುಡ್ಡು ಎಣಿಸಿಕೊಂಡೆ, ಆರ್‌ಸಿ ಬದಲಾಯಿಸಲಿಲ್ಲ. ಅದು ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಕೈ ಬದಲಾಯಿತು. ಮೂರು ವರ್ಷದ ಮೇಲೆ ನ್ಯಾಯಮಂಡಳಿಯ ನೋಟೀಸು ನನ್ನ ಬಾಗಿಲಿಗೆ! ಸ್ಕೂಟರಿನ ಬಣ್ಣವೂ ನನಗೆ ನೆನಪಿರಲಿಲ್ಲ. ದೈವಾನುಗ್ರಹದಿಂದ ಆ ಪುಣ್ಯಾತ್ಮ ವಿಮೆ ಕಟ್ಟಿದ್ದ, ನಾನು ಉಳಿದುಕೊಂಡೆ. ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಹೊಣೆ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ. ಮಾರಿದವರು ಹೆಸರು ಬದಲಾಗುವವರೆಗೆ ಬಿಡಬೇಡಿ. ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಿ ಪಾಲಿಸಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ.

ಅಪಘಾತವಾದರೆ ಮಾಡಬೇಕಾದುದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಪೆಟ್ಟು ತಿಂದವರನ್ನು ಆಸ್ಪತ್ರೆಗೆ ಸೇರಿಸಿ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ಕೈಯಿಂದ ಹಣ ಕಟ್ಟದೆ ಚಿಕಿತ್ಸೆಯುಂಟು. ಪೋಲೀಸು ಠಾಣೆಗೂ ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಹೆದರಿ ಗಾಡಿ ಬದಲಾಯಿಸುವುದು, ಲೈಸೆನ್ಸಿರುವ ಬೇರೊಬ್ಬನನ್ನು ಚಾಲಕನೆಂದು ನಿಲ್ಲಿಸುವುದು, ಇಂಥ ಬುದ್ಧಿವಂತಿಕೆ ಹೇಳಿಕೊಡುವವರು ಆಸ್ಪತ್ರೆಯ ಬಾಗಿಲಲ್ಲೇ ಸಿಗುತ್ತಾರೆ. ಅವರ ಮಾತು ಕೇಳಿ ಇದ್ದ ವಿಮೆಯನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ. ನಮ್ಮವರೇ ಪೆಟ್ಟು ತಿಂದಿದ್ದರೆ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಬಿಡುವುದು ಕ್ಷೇಮ. ಗುದ್ದಿದ ವಾಹನ ಯಾವುದೆಂದೇ ತಿಳಿಯದೆ ಓಡಿಹೋಗಿದ್ದರೂ ಕೈಚೆಲ್ಲಬೇಡಿ, 2022ರ ಏಪ್ರಿಲಿನಿಂದ ಅಂಥ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ನಿಮ್ಮ ಸ್ವಂತ ವಾಹನದ ಕ್ಲೇಮನ್ನು ಕಂಪನಿ ಅನ್ಯಾಯವಾಗಿ ತಳ್ಳಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ, ಶುಲ್ಕವಿಲ್ಲ. ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಸಭೆಯ ಸೂಚನೆಯಂತೆ ಕೆಲವರು ಪಾಲಿಸಿಯ ಕಾಗದಗಳನ್ನು ಚೀಲದಲ್ಲಿ ತಂದಿದ್ದೀರಿ. ಕಾಫಿ ಕುಡಿದ ಮೇಲೆ ಈ ಜಗಲಿಯ ಮೇಲೇ ಕೂತಿರುತ್ತೇನೆ, ಕನ್ನಡಕವನ್ನೂ ತಂದಿದ್ದೇನೆ. ಟ್ರೈಲರು ಇರುವವರು ಮೊದಲು ಬನ್ನಿ. ಮುಗಿಯುವ ತಾರೀಖು, ಟ್ರೈಲರಿನ ನಂಬರು, ಉಪಯೋಗದ ಸಾಲು, ಇವಿಷ್ಟನ್ನೂ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತೇನೆ. ಮೊಬೈಲಿನಲ್ಲಿ ಇದೆ ಎನ್ನುವವರು ಮಕ್ಕಳನ್ನೂ ಜೊತೆಗೆ ಕರೆತನ್ನಿ, ಅದನ್ನು ತೆಗೆಯಲು ನನಗೆ ಬರುವುದಿಲ್ಲ.